ಮಾರಿ ಮ್ಯಾಲಿನ ಎಣ್ಣಿ ಎಲ್ಲಿಂದ ಬಂತು?

ಗದಗ, ಹಾವೇರಿ, ಧಾರವಾಡದ ಕಡೆಯಿಂದ ಚೆನ್ನೈಗೆ ಕೆಲಸಕ್ಕೆ ಬರುವ ಹುಡುಗರು ಜೋಳದ ರೊಟ್ಟಿ ಸಿಗುವುದಿಲ್ಲ ಎಂಬುದನ್ನು ಮೊದಲ ವಾರವೇ ಹೇಳಿಬಿಡುತ್ತಾರೆ. ಇನ್ನೊಂದು ದೂರು ಹೊರಗೆ ಬರಲು ತಿಂಗಳಾದರೂ ಬೇಕು. ಅದನ್ನು ಎಲ್ಲರೆದುರು ಹೇಳುವುದಿಲ್ಲ. ಊಟ ಮುಗಿಸಿ ಕೈ ತೊಳೆಯುವಾಗ ಕನ್ನಡಿ ನೋಡಿಕೊಂಡು ಮೆಲ್ಲಗೆ ಕೇಳುತ್ತಾರೆ: "ಅಣ್ಣಾ, ಮಾರಿ ಭಾಳ ಎಣ್ಣಿ ಎಣ್ಣಿ ಆಗಾಕತ್ತೈತ್ರಿ. ಏನ್ ಹಚ್ಕೋಬೇಕು?"

ಓಎಂಆರ್ ರಸ್ತೆಯ ಕಂಪನಿಗಳಲ್ಲಿ ಒಂಬತ್ತು ವರ್ಷ ಕಳೆದಿದ್ದೇನೆ. ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ನಾನು ಚರ್ಮದ ಡಾಕ್ಟರಲ್ಲ, ಸಾಫ್ಟ್‌ವೇರ್ ಎಂಜಿನಿಯರ್. ಆದರೆ ನಮ್ಮ ಕೆಲಸದಲ್ಲಿ ಒಂದು ರೂಢಿ ಇದೆ. ದೋಷ ಕಂಡಲ್ಲೇ ತೇಪೆ ಹಾಕಬಾರದು, ಅದು ಎಲ್ಲಿ ಹುಟ್ಟುತ್ತದೆ ಎಂದು ಮೊದಲು ಹುಡುಕಬೇಕು. ಮುಖದ ಎಣ್ಣೆಯ ವಿಷಯದಲ್ಲಿ ಬಹಳ ಜನ ಇದನ್ನು ಮಾಡುವುದೇ ಇಲ್ಲ. ಎಣ್ಣೆ ಹೊರಗಿನಿಂದ ಬಂದು ಅಂಟಿದ ಕೊಳೆ ಎಂದುಕೊಂಡು ಉಜ್ಜಲು ಶುರು ಮಾಡುತ್ತಾರೆ. ಉಜ್ಜಿದ್ದು ಸಾಲದೆ ಮೆಡಿಕಲ್ ಶಾಪಿನ ಟ್ಯೂಬಿಗೆ ಹೋಗುತ್ತಾರೆ. ನನ್ನ ಕಾಕಾನ ಮಗ ಆ ದಾರಿಯಲ್ಲಿ ಎಲ್ಲಿಯವರೆಗೆ ಹೋದ ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಎಣ್ಣೆಯ ಮೂಲ ನೋಡೋಣ.

ನಮ್ಮ ಚರ್ಮದಲ್ಲಿ ಕೂದಲು ಹುಟ್ಟುವ ಗುಣಿಗಳಿಗೆ ಅಂಟಿಕೊಂಡಂತೆ ಸಣ್ಣ ಗ್ರಂಥಿಗಳಿವೆ. ಶಾಲೆಯ ಪುಸ್ತಕದಲ್ಲಿ ತೈಲಗ್ರಂಥಿ ಎಂದು ಓದಿದ್ದೆವು, ವೈದ್ಯರು ಸೆಬೇಶಿಯಸ್ ಗ್ರಂಥಿ ಎನ್ನುತ್ತಾರೆ. ಅವು ತಯಾರಿಸುವ ಜಿಡ್ಡಿಗೆ ಸೀಬಮ್ ಎಂದು ಹೆಸರು. ಅಂಗೈ, ಅಂಗಾಲು ಬಿಟ್ಟರೆ ಹೆಚ್ಚುಕಡಿಮೆ ಮೈತುಂಬ ಈ ಗ್ರಂಥಿಗಳಿವೆ. ಆದರೆ ಹಂಚಿಕೆ ಸಮನಾಗಿಲ್ಲ. ಮುಖ ಮತ್ತು ನೆತ್ತಿಯಲ್ಲಿ ಒಂದು ಚದರ ಸೆಂಟಿಮೀಟರಿನೊಳಗೆ 400ರಿಂದ 900ರವರೆಗೆ ಇರಬಹುದು. ಹಣೆ, ಮೂಗು, ಗದ್ದ ಮೊದಲು ಹೊಳೆಯುವುದೂ ಕೆನ್ನೆ ಆಮೇಲೆ ಹೊಳೆಯುವುದೂ ಇದಕ್ಕೇ.

ಈ ಗ್ರಂಥಿ ಕೆಲಸ ಮಾಡುವ ರೀತಿ ವಿಚಿತ್ರ. ಬೆವರಿನ ಗ್ರಂಥಿ ನೀರನ್ನು ಹೊರಗೆ ದಬ್ಬುತ್ತದೆ, ತಾನು ಹಾಗೆಯೇ ಉಳಿಯುತ್ತದೆ. ತೈಲಗ್ರಂಥಿಯ ಕೋಶ ಹಾಗಲ್ಲ. ಅದು ಒಳಗೆ ಎಣ್ಣೆ ತುಂಬಿಕೊಳ್ಳುತ್ತಾ ಉಬ್ಬಿ, ಕೊನೆಗೆ ಇಡೀ ಕೋಶವೇ ಒಡೆದು ಎಣ್ಣೆಯಾಗಿ ಹೋಗುತ್ತದೆ. ಒಂದು ಕೋಶ ಹುಟ್ಟಿ, ಎಣ್ಣೆ ತುಂಬಿಕೊಂಡು, ಒಡೆಯುವ ತನಕ ಸುಮಾರು ಎರಡು ಮೂರು ವಾರ ಹಿಡಿಯುತ್ತದೆ. ಅಂದರೆ ಇವತ್ತು ಮಧ್ಯಾಹ್ನ ನಿಮ್ಮ ಹಣೆಯ ಮೇಲೆ ಹೊಳೆಯುತ್ತಿರುವ ಎಣ್ಣೆಯ ತಯಾರಿ ಎರಡು ವಾರದ ಹಿಂದೆಯೇ ಶುರುವಾಗಿತ್ತು. ಬೆಳಿಗ್ಗೆ ಹಚ್ಚಿದ ಫೇಸ್‌ವಾಶ್ ಆ ಲೆಕ್ಕವನ್ನು ಬದಲಿಸಲಾರದು.

ಆ ಎಣ್ಣೆಯಲ್ಲಿ ಕೊಬ್ಬು ಇದೆ, ಮೇಣ ಇದೆ, ಸ್ಕ್ವಾಲೀನ್ ಎಂಬ ವಸ್ತು ಇದೆ. ಸ್ಕ್ವಾಲೀನ್ ಹೆಸರು ಶಾರ್ಕ್ ಮೀನಿನಿಂದ ಬಂದದ್ದು, ಮೊದಲು ಅದರ ಪಿತ್ತಜನಕಾಂಗದ ಎಣ್ಣೆಯಲ್ಲಿ ಸಿಕ್ಕಿದ್ದರಿಂದ. ಅದನ್ನೇ ತುಸು ಬದಲಿಸಿ ಸ್ಕ್ವಾಲೇನ್ ಎಂಬ ಹೆಸರಿನಲ್ಲಿ ಸಣ್ಣ ಬಾಟಲಿಗೆ ತುಂಬಿ ಮಾರುತ್ತಾರೆ. ಮೂಗಿನ ಮೇಲಿರುವುದನ್ನು ಸೋಪು ಹಾಕಿ ತೆಗೆದು, ಅದರ ತಮ್ಮನನ್ನು ದುಡ್ಡು ಕೊಟ್ಟು ತಂದು ಹಚ್ಚಿಕೊಳ್ಳುವವರೂ ನಮ್ಮ ಆಫೀಸಿನಲ್ಲಿದ್ದಾರೆ.

ಹಾಗಾದರೆ ಒಬ್ಬರಿಗೆ ಹೆಚ್ಚು, ಇನ್ನೊಬ್ಬರಿಗೆ ಕಡಿಮೆ ಯಾಕೆ? ಗ್ರಂಥಿಗೆ ಆಜ್ಞೆ ಕೊಡುವುದು ಹಾರ್ಮೋನು. ಆಂಡ್ರೋಜೆನ್ ಎಂಬ ಗುಂಪಿನ ಹಾರ್ಮೋನುಗಳು ಗ್ರಂಥಿಯನ್ನು ದೊಡ್ಡದು ಮಾಡುತ್ತವೆ, ಎಣ್ಣೆ ಹೆಚ್ಚಿಸುತ್ತವೆ. ಇವನ್ನು ಗಂಡಸರ ಹಾರ್ಮೋನು ಎನ್ನುತ್ತಾರಾದರೂ ಹೆಂಗಸರ ದೇಹದಲ್ಲೂ ಇರುತ್ತವೆ, ಪ್ರಮಾಣ ಕಡಿಮೆ. ಹುಟ್ಟಿದ ಕೂಸಿನ ಮುಖದ ಮೇಲೆ ಒಮ್ಮೊಮ್ಮೆ ಸಣ್ಣ ಗುಳ್ಳೆ ಏಳುವುದಕ್ಕೂ ಹುಟ್ಟುವಾಗ ಚುರುಕಾಗಿರುವ ಈ ಗ್ರಂಥಿಗಳೇ ಒಂದು ಕಾರಣ. ಕೆಲವು ತಿಂಗಳಲ್ಲಿ ಅವು ಮಲಗಿಬಿಡುತ್ತವೆ, ಹರೆಯ ಬರುವಾಗ ಮತ್ತೆ ಏಳುತ್ತವೆ. ನಮ್ಮ ಕಡೆ ಮೊಡವೆಗೆ "ಹರೇದ ಗುಳ್ಳಿ" ಎನ್ನುವುದು ಸುಮ್ಮನೆ ಅಲ್ಲ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಎಣ್ಣೆ ಇಳಿಯುತ್ತದೆ, ಗಂಡಸರಲ್ಲಿ ವಯಸ್ಸಾದ ಮೇಲೂ ಬಹಳ ಕಾಲ ಮುಂದುವರಿಯುತ್ತದೆ.

ಇಲ್ಲಿ ಹೆಣ್ಣುಮಕ್ಕಳು ಗಮನಿಸಬೇಕಾದ ಒಂದು ಮಾತಿದೆ. ಮುಖ ಇದ್ದಕ್ಕಿದ್ದಂತೆ ಜಿಡ್ಡಾಗಿ, ದವಡೆಯ ಸುತ್ತ ಮೊಡವೆ ಎದ್ದು, ಗದ್ದದಲ್ಲಿ ಗಟ್ಟಿ ಕೂದಲು ಬರುತ್ತಿದ್ದು, ಮುಟ್ಟು ತಿಂಗಳು ತಪ್ಪುತ್ತಿದ್ದರೆ ಅದು ಬರೀ ಚರ್ಮದ ಸಮಸ್ಯೆಯಲ್ಲ. ಪಿಸಿಓಎಸ್ ಇರಬಹುದು. ಅದಕ್ಕೆ ಬ್ಯೂಟಿ ಪಾರ್ಲರಿನಲ್ಲಿ ಉತ್ತರವಿಲ್ಲ, ಸ್ತ್ರೀರೋಗ ತಜ್ಞರಲ್ಲಿ ಇದೆ.

ಹಾರ್ಮೋನಿನ ಜೊತೆ ವಂಶವೂ ಸೇರುತ್ತದೆ. ಅದೇ ಹಾರ್ಮೋನಿಗೆ ಒಬ್ಬರ ಗ್ರಂಥಿ ಹೆಚ್ಚು ಓಗೊಡುತ್ತದೆ, ಇನ್ನೊಬ್ಬರದು ಕಡಿಮೆ. ನಮ್ಮ ಕಾಕಾನ ಮದುವೆಯ ಆಲ್ಬಮ್ ತೆಗೆದು ನೋಡಿದರೆ ಪ್ರತಿ ಫೋಟೊದಲ್ಲೂ ಫ್ಲ್ಯಾಶಿನ ಬೆಳಕು ಅವರ ಹಣೆಯ ಮೇಲೇ ಕೂತಿದೆ. ಬಾಸಿಂಗ ಇದ್ದರೂ ಬಿಟ್ಟಿಲ್ಲ. ಅವರ ಮಗ ಸೋಪನ್ನು ಎಷ್ಟು ಬದಲಿಸಿದರೇನು?

ಊರಿನಲ್ಲಿ ಇಲ್ಲದ ಎಣ್ಣೆ ಚೆನ್ನೈಗೆ ಬಂದೊಡನೆ ಹೇಗೆ ಕಾಣಿಸಿತು ಎಂದು ಹುಡುಗರು ಕೇಳುತ್ತಾರೆ. ಊರಿನಲ್ಲೂ ಇತ್ತು, ಅಲ್ಲಿಯ ಗಾಳಿ ಅದನ್ನು ಕಾಣಗೊಡಲಿಲ್ಲ ಅಷ್ಟೇ. ಗದಗದ ಕಡೆ ಗಾಳಿ ಒಣ. ಚಳಿಗಾಲದಲ್ಲಿ ತುಟಿ, ಹಿಮ್ಮಡಿ ಬಿರಿದು ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗುವ ಊರು ಅದು. ಚೆನ್ನೈ ಸಮುದ್ರದ ಮಗ್ಗುಲಿಗಿದೆ. ಗಾಳಿಯಲ್ಲಿ ಮೊದಲೇ ನೀರು ತುಂಬಿರುವುದರಿಂದ ಬೆವರು ಆರುವುದಿಲ್ಲ, ಮುಖದ ಮೇಲೆಯೇ ನಿಂತು ಎಣ್ಣೆಯೊಂದಿಗೆ ಬೆರೆಯುತ್ತದೆ. ಕನ್ನಡಿಯಲ್ಲಿ ಕಾಣುವ ಹೊಳಪಿನಲ್ಲಿ ಅರ್ಧ ಬೆವರೇ ಇರಬಹುದು. ಇದರ ಜೊತೆಗೆ ಸೆಖೆಯಲ್ಲಿ ಎಣ್ಣೆ ನಿಜಕ್ಕೂ ಹೆಚ್ಚು ಹೊರಬರುತ್ತದೆ. ಚರ್ಮದ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಎಣ್ಣೆ ಹೊರಬರುವ ಪ್ರಮಾಣ ಸುಮಾರು ಶೇ 10ರಷ್ಟು ಹೆಚ್ಚುತ್ತದೆ ಎಂದು ಅಳೆದು ನೋಡಿದ್ದಾರೆ. ಸೆಖೆಗೆ ಅದು ತೆಳ್ಳಗೂ ಆಗಿ ಬೇಗ ಹರಡುತ್ತದೆ. ಚಳಿಗಾಲದ ಬಾಟಲಿಯಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವುದನ್ನೂ ಏಪ್ರಿಲ್‌ನಲ್ಲಿ ನೀರಾಗುವುದನ್ನೂ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಚರ್ಮದ ವಿಧಗಳು. ಎಣ್ಣೆ ಚರ್ಮ, ಒಣ ಚರ್ಮ, ಮಿಶ್ರ ಚರ್ಮ, ಸಾಮಾನ್ಯ ಚರ್ಮ ಎಂಬ ವಿಂಗಡಣೆ ಈಗ ಕಿರಾಣಿ ಅಂಗಡಿಯ ಸೋಪಿನ ಪೊಟ್ಟಣದ ಮೇಲೂ ಇದೆ. ಇದು ಆಸ್ಪತ್ರೆಯಲ್ಲಿ ಹುಟ್ಟಿದ್ದಲ್ಲ. 20ನೇ ಶತಮಾನದ ಆರಂಭದಲ್ಲಿ ಹೆಲೆನಾ ರೂಬಿನ್‌ಸ್ಟೀನ್ ಎಂಬ ಸೌಂದರ್ಯವರ್ಧಕಗಳ ವ್ಯಾಪಾರಿ ಇದನ್ನು ಬಳಕೆಗೆ ತಂದರು ಎನ್ನುತ್ತಾರೆ. ನಾಲ್ಕು ವಿಧ ಎಂದರೆ ನಾಲ್ಕು ಡಬ್ಬಿ ಮಾರಬಹುದು, ಲೆಕ್ಕ ಸರಿಯಾಗಿದೆ. ನೂರು ವರ್ಷದ ನಂತರ ಅಮೆರಿಕದ ಮಯಾಮಿಯ ಚರ್ಮವೈದ್ಯೆ ಲೆಸ್ಲಿ ಬಾಮನ್ ಇದನ್ನು 16ಕ್ಕೆ ಏರಿಸಿದರು. ಎಣ್ಣೆಯೋ ಒಣಕಲೋ, ಬೇಗ ಉರಿಯುವುದೋ ತಡೆದುಕೊಳ್ಳುವುದೋ, ಕಲೆ ಉಳಿಯುವುದೋ ಇಲ್ಲವೋ, ಸುಕ್ಕುಗಟ್ಟುವುದೋ ಇಲ್ಲವೋ. ನಾಲ್ಕು ಪ್ರಶ್ನೆ, ಪ್ರತಿಯೊಂದಕ್ಕೂ ಎರಡು ಉತ್ತರ. ನಮ್ಮಂಥವರ ಭಾಷೆಯಲ್ಲಿ ನಾಲ್ಕು ಬಿಟ್.

ಈ 16ರಲ್ಲಿ ನನಗೆ ಉಪಯುಕ್ತ ಅನ್ನಿಸಿದ್ದು ಒಂದೇ ಸಂಗತಿ. ಎಣ್ಣೆ ಇರುವುದು ಬೇರೆ, ಚರ್ಮ ಗಟ್ಟಿಮುಟ್ಟಾಗಿರುವುದು ಬೇರೆ. ಜಿಡ್ಡು ಮುಖವೂ ಸೂಕ್ಷ್ಮವಾಗಿರಬಹುದು, ಬೇಗ ಉರಿಯಬಹುದು. ಎಣ್ಣೆ ಇದೆಯಲ್ಲ, ಎಷ್ಟು ಉಜ್ಜಿದರೂ ತಡೆಯುತ್ತದೆ ಎಂಬ ಧೈರ್ಯ ತಪ್ಪು.

ಎಣ್ಣೆ ಅಳೆಯಲು ಸೀಬೊಮೀಟರ್ ಎಂಬ ಉಪಕರಣ ಇದೆ. ಮಬ್ಬಾದ ಟೇಪನ್ನು ಚರ್ಮಕ್ಕೆ ಒತ್ತುತ್ತಾರೆ. ಎಣ್ಣೆ ಹೀರಿದಷ್ಟು ಟೇಪು ಪಾರದರ್ಶಕವಾಗುತ್ತದೆ. ಅದರ ಮೂಲಕ ಎಷ್ಟು ಬೆಳಕು ದಾಟಿತು ಎಂದು ಯಂತ್ರ ಲೆಕ್ಕ ಹಾಕುತ್ತದೆ. ಗದಗದ ಮಿರ್ಚಿ ಭಜಿಯನ್ನು ಪೇಪರಿನಲ್ಲಿ ಕಟ್ಟಿಸಿಕೊಂಡು ಬಂದವರು ಈ ತತ್ವವನ್ನು ಮೊದಲೇ ಬಲ್ಲರು, ಪೇಪರಿನ ಆಚೆ ಬದಿಯ ಸುದ್ದಿಯೂ ಕಾಣುತ್ತಿರುತ್ತದೆ. ಮನೆಯಲ್ಲಿ ನೋಡಬೇಕೆಂದರೆ ಮುಖ ತೊಳೆದು, ಏನೂ ಹಚ್ಚದೆ, ಫ್ಯಾನಿನ ಕೆಳಗೆ ಒಂದು ಗಂಟೆ ಕೂತು, ತೆಳುವಾದ ಟಿಶ್ಯೂ ಕಾಗದ ಹಣೆ, ಮೂಗು, ಕೆನ್ನೆಗೆ ಬೇರೆ ಬೇರೆಯಾಗಿ ಒತ್ತಿ ನೋಡಿ. ಬೆವರಿನ ಕಲೆ ಆರಿಹೋಗುತ್ತದೆ, ಎಣ್ಣೆಯದು ಉಳಿಯುತ್ತದೆ. ಹಣೆ ಮೂಗಿನಲ್ಲಿ ಮಾತ್ರ ಕಲೆ ಬಂದರೆ ಮಿಶ್ರ ಚರ್ಮ. ನಮ್ಮಲ್ಲಿ ಬಹಳ ಜನ ಇದೇ ಗುಂಪಿನವರು, ನಾನೂ. ಆದರೆ ಈ ಫಲಿತಾಂಶವನ್ನು ಜಾತಕದಂತೆ ಇಟ್ಟುಕೊಳ್ಳಬೇಡಿ. ಊರು, ಋತು, ವಯಸ್ಸು ಬದಲಾದಂತೆ ಅದೂ ಬದಲಾಗುತ್ತದೆ. ದಿನಕ್ಕೆ ಒಂಬತ್ತು ತಾಸು ಎ.ಸಿ.ಯಲ್ಲಿ ಕೂತು ಸಂಜೆ ಬಸ್ ಸ್ಟಾಪಿನಲ್ಲಿ ನಿಲ್ಲುವವರ ಮುಖ ಒಂದೇ ದಿನದಲ್ಲಿ ಎರಡು ಊರು ನೋಡಿರುತ್ತದೆ.

ಈಗ ತೊಳೆಯುವ ವಿಷಯ. ನನ್ನ ತಮ್ಮ, ಅಂದರೆ ಕಾಕಾನ ಮಗ, 24ನೇ ವಯಸ್ಸಿಗೆ ಇಲ್ಲಿ ಕೆಲಸಕ್ಕೆ ಸೇರಿ ಶೋಲಿಂಗನಲ್ಲೂರಿನ ಪಿ.ಜಿ.ಯಲ್ಲಿ ಇದ್ದ. ದಿನಕ್ಕೆ ಆರು ಸಲ ಸೋಪು ಹಚ್ಚಿ ಮುಖ ತೊಳೆಯುತ್ತಿದ್ದ. ಸೋಪು ಕ್ಷಾರ, ಅದರ ಪಿಎಚ್ 9ರಿಂದ 10. ಚರ್ಮದ ಮೇಲ್ಪದರ ತುಸು ಆಮ್ಲೀಯ, 5ರ ಆಸುಪಾಸು. ಮೇಲಿಂದ ಮೇಲೆ ಸೋಪು ಬಿದ್ದರೆ ಚರ್ಮ ತನ್ನ ನೀರನ್ನು ಹಿಡಿದಿಟ್ಟುಕೊಳ್ಳುವ ಪದರವನ್ನು ಕಳೆದುಕೊಳ್ಳುತ್ತದೆ. ಅದರ ಮೇಲೆ ಪಿ.ಜಿ.ಯ ನೀರು ಬೇರೆ. ಅದು ಬೋರ್‌ವೆಲ್ಲಿನ ಗಡಸು ನೀರು. ಅದರಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನೊಂದಿಗೆ ಸೇರಿ ನೊರೆ ಕೊಡದೆ ಬಿಳಿ ಗಸಿಯಾಗಿ ಚರ್ಮದ ಮೇಲೆ ಉಳಿಯುತ್ತದೆ. ಬಕೆಟಿನ ಅಂಚಿಗೆ ಕೂರುವುದೂ ಅದೇ. ಅವನ ಮುಖ ಮಧ್ಯಾಹ್ನದ ಹೊತ್ತಿಗೆ ಎಣ್ಣೆಯಾಗಿಯೂ ಇತ್ತು, ಮೂಗಿನ ಪಕ್ಕದಲ್ಲಿ ಹೊಟ್ಟು ಎದ್ದು ಬಿಗಿಯಾಗಿಯೂ ಇತ್ತು. ಹೆಚ್ಚು ತೊಳೆದರೆ ಗ್ರಂಥಿ ಸಿಟ್ಟಿಗೆದ್ದು ಹೆಚ್ಚು ಎಣ್ಣೆ ಸುರಿಸುತ್ತದೆ ಎಂದು ಬಹಳ ಕಡೆ ಬರೆದಿರುತ್ತಾರೆ. ಅದಕ್ಕೂ ಗಟ್ಟಿ ಆಧಾರವಿಲ್ಲ. ಮೇಲಿನ ಟ್ಯಾಂಕಿನಲ್ಲಿ ನೀರು ಇಳಿದರೆ ಮೋಟರು ತಾನೇ ಚಾಲೂ ಆಗುವಂಥ ಏರ್ಪಾಡು ಮುಖದಲ್ಲಿಲ್ಲ. ಗ್ರಂಥಿಗೆ ಮೇಲೆ ಏನು ನಡೆಯುತ್ತಿದೆ ಎಂಬುದರ ಪರಿವೆಯೇ ಇಲ್ಲ, ತೊಳೆದರೂ ಬಿಟ್ಟರೂ ಅದು ತನ್ನ ಪಾಡಿಗೆ ತಾನು ಎಣ್ಣೆ ಕಳಿಸುತ್ತಿರುತ್ತದೆ. ತೊಳೆದ ಕೆಲವೇ ಗಂಟೆಗಳಲ್ಲಿ ಹೊಳಪು ಮರಳುತ್ತದೆ. ಹಾಳಾಗುವುದು ಚರ್ಮದ ಕಾವಲು ಮಾತ್ರ.

ಎಣ್ಣೆ ತಿಂದರೆ ಮುಖದಲ್ಲಿ ಎಣ್ಣೆ ಬರುತ್ತದೆ ಎಂಬುದೂ ನೇರ ಸತ್ಯವಲ್ಲ. ಭಜಿಯ ಎಣ್ಣೆ ಹೊಟ್ಟೆಯಿಂದ ಹಣೆಗೆ ಏರುವುದಿಲ್ಲ. ಮೊಡವೆಗೆ ಸಂಬಂಧ ಇರುವಂತೆ ಕಾಣುವುದು ಸಕ್ಕರೆ, ಮೈದಾ, ಸಿಹಿ ಪಾನೀಯದಂಥ ಬೇಗ ಸಕ್ಕರೆಯಾಗುವ ಆಹಾರ, ಕೆಲವರಲ್ಲಿ ಹಾಲು. ಇವು ಇನ್ಸುಲಿನ್ ಏರಿಸಿ, ಆ ಮೂಲಕ ಗ್ರಂಥಿಯನ್ನು ಕೆಣಕುತ್ತವೆ. ಜಿಮ್ಮಿಗೆ ಹೋಗುವ ಹುಡುಗರು ಕುಡಿಯುವ ವೇ ಪ್ರೋಟೀನ್ ಪುಡಿ ಹಾಲಿನದೇ ಎಂಬುದು ನೆನಪಿರಲಿ. ಇನ್ನೊಂದು, ತಲೆಗೆ ಎಣ್ಣೆ. ರಾತ್ರಿ ನೆತ್ತಿಗೆ ತಟ್ಟಿಕೊಂಡ ಎಣ್ಣೆ ದಿಂಬಿಗೆ, ದಿಂಬಿನಿಂದ ಹಣೆಗೆ ಬರುತ್ತದೆ. ಕೂದಲಿನ ಅಂಚಿನಗುಂಟ ಸಾಲಾಗಿ ಗುಳ್ಳೆ ಎದ್ದಿದ್ದರೆ ಮೊದಲು ಅದನ್ನು ನಿಲ್ಲಿಸಿ ನೋಡಬೇಕು. ಅವ್ವನಿಗೆ ಇದನ್ನು ಹೇಳುವುದು ಕಷ್ಟ, ಗೊತ್ತು.

ಮಾಡಬೇಕಾದ್ದು ನಿಜಕ್ಕೂ ಸ್ವಲ್ಪವೇ. ದಿನಕ್ಕೆ ಎರಡು ಸಲ ಸೌಮ್ಯವಾದ ಫೇಸ್‌ವಾಶ್, ಬೆವರಿದಾಗ ಬರೀ ನೀರು. ಮಧ್ಯಾಹ್ನದ ಜಿಡ್ಡಿಗೆ ಟಿಶ್ಯೂ ಒತ್ತಿದರೆ ಸಾಕು. ಜಿಡ್ಡು ಮುಖಕ್ಕೂ ಜೆಲ್ ರೂಪದ ತೆಳ್ಳನೆಯ ಮಾಯಿಶ್ಚರೈಸರ್ ಬೇಕು, ಡಬ್ಬಿಯ ಮೇಲೆ ನಾನ್-ಕಾಮೆಡೋಜೆನಿಕ್, ಅಂದರೆ ರಂಧ್ರ ಮುಚ್ಚದ್ದು, ಎಂದು ಬರೆದಿರುತ್ತದೆ. ಸ್ಯಾಲಿಸಿಲಿಕ್ ಆಮ್ಲ ಎಣ್ಣೆಯಲ್ಲಿ ಕರಗುವುದರಿಂದ ರಂಧ್ರದೊಳಗೆ ಇಳಿಯಬಲ್ಲದು, ಕಪ್ಪು ಚುಕ್ಕೆ ಇರುವವರಿಗೆ ಅದು ಅನುಕೂಲ. ಅಂದಹಾಗೆ ಆ ಚುಕ್ಕೆಯ ಕಪ್ಪು ಕೂಡ ಕೊಳೆಯಲ್ಲ. ಕಟ್ಟಿಕೊಂಡ ವಸ್ತುವಿನಲ್ಲಿರುವ ಮೆಲನಿನ್ ಮತ್ತು ಗಾಳಿ ತಗುಲಿದ ಎಣ್ಣೆ ಸೇರಿ ಕಪ್ಪಾಗಿರುತ್ತದೆ. ನಿಂಬೆಹಣ್ಣು ಉಜ್ಜಿಕೊಂಡು ಬಿಸಿಲಿಗೆ ಹೋಗಬೇಡಿ, ಸುಟ್ಟಂಥ ಕಲೆ ಬೀಳುತ್ತದೆ. ಗ್ರಂಥಿಯನ್ನೇ ಕುಗ್ಗಿಸುವ ಮಾತ್ರೆಯೂ ಇದೆ, ಐಸೊಟ್ರೆಟಿನಾಯಿನ್. ಅಮೆರಿಕದಲ್ಲಿ 1982ರಲ್ಲಿ ಒಪ್ಪಿಗೆ ಪಡೆದದ್ದು. ತೀವ್ರ ಮೊಡವೆಗೆ ಅದು ದೊಡ್ಡ ಔಷಧಿ, ಆದರೆ ಗರ್ಭಿಣಿ ತೆಗೆದುಕೊಂಡರೆ ಮಗುವಿಗೆ ಅಂಗದೋಷ ಬರುವಷ್ಟು ಅಪಾಯಕಾರಿ. ಗೆಳೆಯನ ಚೀಟಿ ನೋಡಿ ತರುವಂಥದ್ದಲ್ಲ.

ನನ್ನ ತಮ್ಮ ತಂದದ್ದು ಮಾತ್ರೆಯಲ್ಲ, ಟ್ಯೂಬು. ತಂಗಿಯ ಮದುವೆ ಎರಡು ತಿಂಗಳಿತ್ತು. ಎಣ್ಣೆಯೂ ಹೋಗಬೇಕು, ಮೊಡವೆಯೂ ಹೋಗಬೇಕು, ಆದರೆ ತುಸು ಬೆಳ್ಳಗೂ ಆಗಬೇಕು. ಪಿ.ಜಿ. ಪಕ್ಕದ ಮೆಡಿಕಲ್ ಶಾಪಿನವನು ಚೀಟಿ ಕೇಳದೆ ಒಂದು ಕ್ರೀಮು ಕೊಟ್ಟ. ಬೆಲೆ ನೂರೈವತ್ತಕ್ಕಿಂತ ಕಡಿಮೆ. ಹತ್ತು ದಿನದಲ್ಲಿ ಕೆಂಪು ಇಳಿಯಿತು, ಮುಖ ತಿಳಿಯಾಯಿತು. ಮದುವೆ ಮನೆಯಲ್ಲಿ ಕಾಕು ದೃಷ್ಟಿ ತೆಗೆದರು. "ಮದ್ರಾಸ್ ನೀರು ಹಿಡಿಸೇತಿ ನೋಡು" ಅಂದರು ಊರವರು. ಹೆಸರು ಕೇಳಿದವರಿಗೆಲ್ಲ ಅವನು ಟ್ಯೂಬಿನ ಫೋಟೊ ವಾಟ್ಸ್ಆ್ಯಪ್ ಮಾಡಿದ.

ಅದರಲ್ಲಿದ್ದದ್ದು ಸ್ಟೀರಾಯ್ಡ್. ಸ್ಟೀರಾಯ್ಡ್ ರಕ್ತನಾಳವನ್ನು ಕುಗ್ಗಿಸುತ್ತದೆ, ಉರಿಯೂತ ತಗ್ಗಿಸುತ್ತದೆ, ಆದ್ದರಿಂದ ಮೊದಮೊದಲು ಪವಾಡದಂತೆ ಕಾಣುತ್ತದೆ. ಸರಿಯಾದ ರೋಗಕ್ಕೆ, ಸರಿಯಾದ ಜಾಗಕ್ಕೆ, ಕೆಲವೇ ದಿನ ವೈದ್ಯರು ಕೊಟ್ಟರೆ ಅದು ಒಳ್ಳೆಯ ಔಷಧಿಯೂ ಹೌದು. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ ಕೆಂಪು ನಾಳಗಳು ಹೊರಗೆ ಕಾಣುತ್ತವೆ, ಹೊಸ ಬಗೆಯ ಮೊಡವೆ ಏಳುತ್ತದೆ, ಕೂದಲು ಬೆಳೆಯುತ್ತದೆ. ನಿಲ್ಲಿಸಿದರೆ ಮುಖ ಉರಿಯುತ್ತದೆ, ಉರಿಗೆ ಹೆದರಿ ಮತ್ತೆ ಹಚ್ಚುತ್ತಾರೆ. ಭಾರತದ ಚರ್ಮವೈದ್ಯರು ಇದಕ್ಕೆ ಸ್ಟೀರಾಯ್ಡಿನಿಂದ ಹಾಳಾದ ಮುಖ ಎಂಬ ಅರ್ಥದ ಪ್ರತ್ಯೇಕ ಹೆಸರನ್ನೇ ಇಟ್ಟಿದ್ದಾರೆ. ಅವರ ಸಂಘ ಐಎಡಿವಿಎಲ್ ವರ್ಷಗಳಿಂದ ಇದರ ವಿರುದ್ಧ ಕೂಗುತ್ತಿದೆ. 2018ರಲ್ಲಿ ಕೇಂದ್ರ ಸರ್ಕಾರ ಹಚ್ಚುವ ಸ್ಟೀರಾಯ್ಡುಗಳಲ್ಲಿ 14ನ್ನು ಷೆಡ್ಯೂಲ್ ಎಚ್ ಕಟ್ಟಿನೊಳಗೆ ತಂದಿತು, ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಕಾಗದದ ಮೇಲೆ.

ಮದುವೆಯಾದ ಮೂರನೇ ತಿಂಗಳಿಗೆ ತಮ್ಮ ಆಫೀಸ್ ಮೀಟಿಂಗಿನಲ್ಲಿ ಕ್ಯಾಮೆರಾ ತೆರೆಯುವುದನ್ನು ನಿಲ್ಲಿಸಿದ. ಬಿಸಿಲು ತಗುಲಿದರೆ ಮೆಣಸಿನಪುಡಿ ಬಿದ್ದಂತೆ ಉರಿ ಎನ್ನುತ್ತಿದ್ದ. ನಾನು ಜೊತೆಗೆ ಹೋಗಿ ಚರ್ಮವೈದ್ಯರಿಗೆ ತೋರಿಸಿದೆ. ಅವರು ಟ್ಯೂಬು ನೋಡಿದವರೇ ಪಕ್ಕಕ್ಕಿಟ್ಟರು. ಮುಖ ಒಂದು ಹಂತಕ್ಕೆ ಬರಲು ಏಳು ತಿಂಗಳು ಹಿಡಿಯಿತು. ಮೊದಲ ಆರು ವಾರ ಅವನು ಊರಿಗೆ ವಿಡಿಯೊ ಕಾಲ್ ಮಾಡಲಿಲ್ಲ. ಎಣ್ಣೆ ಈಗಲೂ ಇದೆ, ಅದೇ ಹಣೆ, ಅದೇ ಮೂಗು. ದಿನಕ್ಕೆ ಎರಡು ಸಲ ತೊಳೆಯುತ್ತಾನೆ.

ಟ್ಯೂಬು ಕೊಳ್ಳುವಾಗ ನೋಡಬೇಕಾದ ಹೆಸರುಗಳು ಹೀಗಿವೆ: ಬೀಟಾಮೆಥಾಸೋನ್, ಮೊಮೆಟಾಸೋನ್, ಫ್ಲುಟಿಕಾಸೋನ್, ಫ್ಲುವೊಸಿನೊಲೋನ್, ಕ್ಲೋಬೆಟಾಸೋಲ್. ಕ್ರೀಮಿನ ದೊಡ್ಡ ಹೆಸರಿನ ಕೆಳಗೆ, ಸಣ್ಣ ಅಕ್ಷರದಲ್ಲಿ ಇರುತ್ತವೆ. ಆರ್‌ಎಕ್ಸ್ ಗುರುತು ಇದ್ದರೆ ಅದು ಚೀಟಿಯ ಔಷಧಿ, ಅಂಗಡಿಯವನು ಎಷ್ಟೇ ನಗುನಗುತ್ತಾ ಕೊಟ್ಟರೂ. ಈಗಾಗಲೇ ತಿಂಗಳುಗಳಿಂದ ಹಚ್ಚುತ್ತಿದ್ದರೆ ಓದಿದ ಸಿಟ್ಟಿಗೆ ಟ್ಯೂಬು ಬಿಸಾಡಿ ಸುಮ್ಮನಾಗಬೇಡಿ. ಹೇಗೆ ನಿಲ್ಲಿಸಬೇಕು, ಬದಲಿಗೆ ಏನು ಹಚ್ಚಬೇಕು ಎಂದು ಚರ್ಮವೈದ್ಯರೇ ಹೇಳಬೇಕು.

ಔಷಧಿ ಶುರುವಾದ ವಾರವೇ ತಮ್ಮನನ್ನು ಕೂರಿಸಿಕೊಂಡು, ಫೋಟೊ ಕಳಿಸಿದ್ದವರಿಗೆಲ್ಲ ಫೋನ್ ಮಾಡಿಸಿದೆ. ಒಟ್ಟು ಐದು ಜನ. ಇಬ್ಬರು ತಂದೇ ಇರಲಿಲ್ಲ. ಒಬ್ಬ ಎರಡು ದಿನ ಹಚ್ಚಿ ಬಿಟ್ಟಿದ್ದ. ರೋಣದಲ್ಲಿರುವ ನಮ್ಮ ಸೋದರತ್ತೆಯ ಮಗಳು ಆಗ ಎರಡನೇ ಟ್ಯೂಬಿನಲ್ಲಿದ್ದಳು. ಮರುದಿನವೇ ಗದಗಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಐದನೆಯವನು ಫೋನಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡು, "ನಾ ಹಚ್ಚಿಲ್ಲೋ ಮಾರಾಯಾ, ನಮ್ಮ ಬಾಜೂ ಮನಿ ಹುಡುಗಿಗೆ ಕೊಟ್ಟೇನಿ" ಅಂದ. ಅವಳ ಮನೆಯ ನಂಬರು ಅವನ ಹತ್ತಿರ ಇರಲಿಲ್ಲ. ಎದ್ದು, ಚಪ್ಪಲಿ ಮೆಟ್ಟಿಕೊಂಡು, ಫೋನ್ ಕಟ್ ಮಾಡದೆಯೇ ಪಕ್ಕದ ಮನೆಗೆ ಹೋದ.